ಒಂದು ಹೆಜ್ಜೆಗೆ ಸಾಕಾಗುವ ಬೆಳಕು

ನವೆಂಬರ್ ತಿಂಗಳ ಮೊದಲ ದಿನವು ಕನ್ನಡ ನಾಡಿನ ಕಥೋಲಿಕರಿಗೆ ಎರಡು ಹಬ್ಬಗಳ ದಿನ. ಬೆಳಿಗ್ಗೆ ದೇವಾಲಯದಲ್ಲಿ ಸಕಲ ಸಂತರ ಹಬ್ಬದ ಬಲಿಪೂಜೆ. ಪೂಜೆ ಮುಗಿಸಿ ಹೊರಗೆ ಬಂದರೆ ಬೀದಿಯಲ್ಲಿ ರಾಜ್ಯೋತ್ಸವದ ಹಳದಿ ಕೆಂಪು ಬಾವುಟ. 2025ರ ನವೆಂಬರ್ 1ರಂದು ಈ ಎರಡರ ಜೊತೆಗೆ ಮೂರನೆಯ ಸಂತೋಷವೊಂದು ಸೇರಿಕೊಂಡಿತು. ಅಂದು ರೋಮಿನ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು 14ನೆಯ ಲಿಯೋ ಅವರು ಸಂತ ಜಾನ್ ಹೆನ್ರಿ ನ್ಯೂಮನ್ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಇಂಗ್ಲೆಂಡಿನ ಈ ಸಂತರಿಗೂ ಕನ್ನಡ ರಾಜ್ಯೋತ್ಸವಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಇದೆ, ಅದು ನಮ್ಮ ನಾಲಿಗೆಯ ಮೇಲೆಯೇ ಇದೆ. ಕನ್ನಡಿಗರು ಮತಭೇದವಿಲ್ಲದೆ ಹಾಡಿಕೊಂಡು ಬಂದಿರುವ 'ಕರುಣಾಳು ಬಾ ಬೆಳಕೆ' ಎಂಬ ಪ್ರಾರ್ಥನೆ ಮೂಲದಲ್ಲಿ ನ್ಯೂಮನ್ ಅವರ ಕವಿತೆ. ಅದನ್ನು ಕನ್ನಡಕ್ಕೆ ತಂದವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು. ಶಾಲೆಯ ಅಂಗಳದಲ್ಲಿ ಈ ಹಾಡನ್ನು ಹೇಳಿ ಬೆಳೆದ ಅನೇಕರಿಗೆ ಅದರ ಹಿಂದೆ ಒಬ್ಬ ಕಥೋಲಿಕ ಸಂತರಿದ್ದಾರೆಂಬುದು ತಿಳಿಯದು. ಕಥೋಲಿಕರಾದ ನಮ್ಮಲ್ಲಿಯೂ ಹಲವರಿಗೆ ತಿಳಿಯದು.

ಈ ಬರಹಕ್ಕೆ ಕಾರಣಳಾದವಳು ನಮ್ಮ ಚನ್ನಗಿರಿಯ ಒಬ್ಬ ವಿದ್ಯಾರ್ಥಿನಿ. ಪದವಿ ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿರುವ ಅವಳು ಒಂದು ಭಾನುವಾರ ಪೂಜೆಯ ನಂತರ ಗೈಡ್ ಪುಸ್ತಕವೊಂದನ್ನು ಹಿಡಿದು ಬಂದಳು. ಅದರಲ್ಲಿ ನ್ಯೂಮನ್ ಕವಿತೆಯ ಸಂಕೇತಗಳನ್ನು ಪಟ್ಟಿ ಮಾಡಿ ಕೊಟ್ಟಿತ್ತು: ಬೆಳಕು ಎಂದರೆ ದೇವರು, ಇರುಳು ಎಂದರೆ ಪಾಪ, ಮನೆ ಎಂದರೆ ಸ್ವರ್ಗ. "ಸರ್, ಇದಿಷ್ಟು ಬರೆದರೆ ಅಂಕ ಬರುತ್ತದೆ. ಆದರೆ ನಮ್ಮ ಅಜ್ಜಿಯನ್ನು ಮಣ್ಣು ಮಾಡಿದ ದಿನ ಇದೇ ಹಾಡನ್ನು ಕನ್ನಡದಲ್ಲಿ ಹಾಡಿದರು. ಆಗ ನಾನು ಅತ್ತೆ. ಈ ಪಟ್ಟಿಯಲ್ಲಿ ಅಳುವಂಥದ್ದು ಏನೂ ಇಲ್ಲವಲ್ಲ?" ಎಂದು ಕೇಳಿದಳು. ಆ ಪ್ರಶ್ನೆಗೆ ಅಂದು ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗಲಿಲ್ಲ. ಈ ಅಂಕಣದಲ್ಲಿ ಅದಕ್ಕೆ ಉತ್ತರ ಹುಡುಕುವ ಒಂದು ಪ್ರಯತ್ನ ಮಾಡಿದ್ದೇನೆ.

ಗಾಳಿ ಬೀಸದ ಕಡಲಿನ ಮೇಲೆ

ಮೊದಲು ಕವಿತೆ ಹುಟ್ಟಿದ ಸಂದರ್ಭವನ್ನು ನೋಡೋಣ. 1801ರ ಫೆಬ್ರವರಿ 21ರಂದು ಲಂಡನ್ನಿನಲ್ಲಿ ಜನಿಸಿದ ನ್ಯೂಮನ್ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಓರಿಯಲ್ ಕಾಲೇಜಿನ ಫೆಲೋ ಆಗಿದ್ದರು. ಆಂಗ್ಲಿಕನ್ ಸಭೆಯ ಗುರುಗಳೂ ಆಗಿದ್ದರು. 1832ರ ಡಿಸೆಂಬರಿನಲ್ಲಿ ಅವರು ತಮ್ಮ ಮಿತ್ರ ಹರೆಲ್ ಫ್ರೂಡ್ ಮತ್ತು ಆ ಮಿತ್ರನ ತಂದೆಯೊಂದಿಗೆ ಮೆಡಿಟರೇನಿಯನ್ ಸಮುದ್ರದ ಕಡೆಗೆ ಪ್ರವಾಸ ಹೊರಟರು. ರೋಮಿನವರೆಗೆ ಜೊತೆಯಾಗಿ ಸಾಗಿದ ಬಳಿಕ ಸಂಗಡಿಗರು ಊರಿನ ದಾರಿ ಹಿಡಿದರೆ, ನ್ಯೂಮನ್ ಅವರು ಮಾತ್ರ ಒಬ್ಬರೇ ಸಿಸಿಲಿ ದ್ವೀಪಕ್ಕೆ ಹಿಂತಿರುಗಿದರು. ಅಲ್ಲಿ 1833ರ ಮೇ ತಿಂಗಳಲ್ಲಿ ಅವರಿಗೆ ಕಠಿಣವಾದ ಜ್ವರ ಬಂದಿತು. ಭಾಷೆ ತಿಳಿಯದ ನಾಡು, ಬಂಧುಗಳಿಲ್ಲ, ಪಕ್ಕದಲ್ಲಿ ಇದ್ದವನು ಜೆನ್ನಾರೋ ಎಂಬ ಸೇವಕ ಒಬ್ಬನೇ. ಅವನು ತನ್ನ ಯಜಮಾನ ಸಾಯುತ್ತಾನೆಂದೇ ಭಾವಿಸಿ ಕೊನೆಯ ಅಪ್ಪಣೆಗಳನ್ನು ಕೇಳಿದ್ದುಂಟು.

ಅವರು ಸಾಯಲಿಲ್ಲ. ಜ್ವರ ಬಿಟ್ಟ ಮೇಲೆ ಒಂದು ದಿನ ಹಾಸಿಗೆಯ ಮೇಲೆ ಕುಳಿತು ಅಳತೊಡಗಿದರು. ಏಕೆಂದು ಸೇವಕ ಕೇಳಿದಾಗ, ಇಂಗ್ಲೆಂಡಿನಲ್ಲಿ ತನಗೊಂದು ಕೆಲಸವಿದೆ ಎಂಬ ಅರ್ಥದ ಮಾತನ್ನು ಮಾತ್ರ ಹೇಳಿದರೆಂದು ಮುಂದೆ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ. ಏನು ಕೆಲಸ? ಅದು ಅವರಿಗೇ ತಿಳಿದಿರಲಿಲ್ಲ. ಮನೆ ಸೇರುವ ತವಕ ಮಾತ್ರ ಇತ್ತು. ಪಲೆರ್ಮೋ ಬಂದರಿನಲ್ಲಿ ಹಡಗಿಗಾಗಿ ಮೂರು ವಾರ ಕಾದರು. ಕೊನೆಗೆ ಕಿತ್ತಳೆ ಹಣ್ಣು ಸಾಗಿಸುವ ಹಾಯಿದೋಣಿಯೊಂದು ಸಿಕ್ಕಿತು. ಅದು ಫ್ರಾನ್ಸಿನ ಮಾರ್ಸೇಲ್ಸಿಗೆ ಹೊರಟು ಕೋರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಿನ ಬೊನಿಫಾಚಿಯೋ ಜಲಸಂಧಿಗೆ ಬರುವ ಹೊತ್ತಿಗೆ ಗಾಳಿ ನಿಂತುಹೋಯಿತು. ಒಂದು ವಾರ ಕಾಲ ದೋಣಿ ಕದಲಲಿಲ್ಲ. ಅಲ್ಲಿ, 1833ರ ಜೂನ್ 16ರಂದು, 32 ವರ್ಷದ ನ್ಯೂಮನ್ ಅವರು ಈ ಮೂರು ಪದ್ಯಗಳನ್ನು ಬರೆದರು.

ಗೈಡ್ ಪುಸ್ತಕದ ಪಟ್ಟಿಯ ಮೊದಲ ಕೊರತೆ ಇಲ್ಲಿಯೇ ಕಾಣುತ್ತದೆ. ಕವಿತೆಯ 'ಮನೆ' ಸ್ವರ್ಗವೂ ಹೌದು, ಸಂದೇಹವಿಲ್ಲ. ಆದರೆ ಅದಕ್ಕಿಂತ ಮೊದಲು ಅದು ನಿಜವಾದ ಮನೆ: ತಾಯಿ ಇರುವ ಮನೆ, ಸೋದರಿಯರಿರುವ ಮನೆ. ಪರವೂರಿನಲ್ಲಿ ಕಾಯಿಲೆ ಬಿದ್ದು ಎದ್ದವನ ಬಾಯಿಯಿಂದ ಬಂದ ಮಾತು ಅದು. ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೋ ಬೆಂಗಳೂರಿಗೋ ಹೋದ ಮಕ್ಕಳಿರುವ ನಮ್ಮ ಮನೆಗಳಲ್ಲಿ ಈ ಪದದ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ. ಒಳ್ಳೆಯ ಸಂಕೇತದ ಲಕ್ಷಣವೇ ಇದು. ಅದು ಮೊದಲು ತಾನು ತಾನಾಗಿರುತ್ತದೆ. ಆಮೇಲೆ ಇನ್ನೊಂದನ್ನು ಸೂಚಿಸುತ್ತದೆ. ಯೇಸುಸ್ವಾಮಿಯ ಸಾಮತಿಗಳಲ್ಲಿ ಬರುವ ಬೀಜ ನಿಜವಾದ ಬೀಜ, ಕುರಿ ನಿಜವಾದ ಕುರಿ. ಆದ್ದರಿಂದಲೇ ಅವು ನಮ್ಮ ಮನಸ್ಸಿನಲ್ಲಿ ಬೇರೂರಿವೆ.

ಮೇಘಸ್ತಂಭ ಮತ್ತು ಲಾಟೀನು

ನ್ಯೂಮನ್ ಅವರು ಈ ಕವಿತೆಗೆ ಇಟ್ಟ ಹೆಸರು 'ಮೇಘಸ್ತಂಭ'. ಇದು ವಿಮೋಚನಕಾಂಡದ 13ನೆಯ ಅಧ್ಯಾಯದಿಂದ ಬಂದುದು. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಯೇಲರ ಮುಂದೆ ದೇವರು ಹಗಲಿನಲ್ಲಿ ಮೇಘಸ್ತಂಭವಾಗಿಯೂ ಇರುಳಿನಲ್ಲಿ ಅಗ್ನಿಸ್ತಂಭವಾಗಿಯೂ ನಡೆದರೆಂಬುದು ಅಲ್ಲಿನ ವೃತ್ತಾಂತ. ಕವಿತೆ ಆದ್ಯಂತವಾಗಿ ಇರುಳಿನ ಪ್ರಯಾಣದ ಕುರಿತಾದುದು; ಆದರೂ ಕವಿ ಅಗ್ನಿಸ್ತಂಭದ ಹೆಸರನ್ನು ಇಡದೆ ಮೇಘಸ್ತಂಭದ ಹೆಸರನ್ನೇ ಇಟ್ಟರು. ಮೋಡ ದಾರಿಯನ್ನು ತೋರಿಸುತ್ತದೆ, ಆಚೆಗಿರುವುದನ್ನು ಮರೆಮಾಡುತ್ತದೆ. ದೇವರು ನಡೆಸುವ ರೀತಿಯೂ ಅಂಥದ್ದೇ ಎಂಬ ಧ್ವನಿ ಆ ಹೆಸರಿನಲ್ಲಿ ಕೇಳಿಸುತ್ತದೆ.

ಈ ಕವಿತೆಯ ಬೆಳಕಿಗೆ ಒಂದು ವಿಶೇಷವಿದೆ. ಕತ್ತಲೆಯನ್ನು ಒಮ್ಮೆಗೇ ಓಡಿಸು ಎಂದು ಕವಿ ಮೊದಲ ಪದ್ಯದಲ್ಲಿ ಕೇಳುವುದಿಲ್ಲ. ಕತ್ತಲೆಯೊಳಗೇ ನಡೆಸು ಎಂದು ಕೇಳುತ್ತಾರೆ. ದೂರದ ದೃಶ್ಯವನ್ನು ಕಾಣುವ ಆಸೆಯೂ ಅವರಿಗಿಲ್ಲ. ಮುಂದಿನ ಹೆಜ್ಜೆಯಷ್ಟು ಜಾಗ ಕಂಡರೆ ಅವರಿಗೆ ತೃಪ್ತಿ. ಇದು ಸೂರ್ಯನ ಬೆಳಕಿನ ಮಾತಲ್ಲ, ಕೈದೀಪದ ಮಾತು. ದೇವರ ವಾಕ್ಯವನ್ನು ಕಾಲಿಗೆ ದೀಪವೆಂದು ಕರೆದ ಕೀರ್ತನೆಕಾರನ ಪರಂಪರೆ ಇದು.

ನಮ್ಮ ತಾಲ್ಲೂಕಿನ ಅಡಿಕೆ ಬೆಳೆಗಾರನಿಗೆ ಈ ಬೆಳಕಿನ ಪರಿಚಯ ಚೆನ್ನಾಗಿದೆ. ಪಂಪ್‌ಸೆಟ್ಟಿಗೆ ಕರೆಂಟು ಬರುವುದು ರಾತ್ರಿಯಲ್ಲಿ ಎಂದಾದರೆ, ಭದ್ರಾ ನಾಲೆಯ ನೀರಿನ ಸರದಿ ಬರುವುದು ನಡುರಾತ್ರಿಯಲ್ಲಿ ಎಂದಾದರೆ, ಅವನು ಎದ್ದು ತೋಟಕ್ಕೆ ಹೋಗಲೇಬೇಕು. ಹಿಂದೆ ಕೈಯಲ್ಲಿ ಲಾಟೀನು ಇರುತ್ತಿತ್ತು, ಈಗ ಬ್ಯಾಟರಿ ಇರುತ್ತದೆ. ತೋಟದ ಆ ತುದಿ ಅದರ ಬೆಳಕಿಗೆ ಕಾಣುವುದಿಲ್ಲ. ಕಾಣುವುದು ಮುಂದಿನ ಹೆಜ್ಜೆ ಇಡುವ ಜಾಗ. ಅಲ್ಲಿ ಹಾವು ಇದೆಯೋ ಇಲ್ಲವೋ ಎಂಬುದು. ಆ ಹೆಜ್ಜೆ ಇಟ್ಟ ಮೇಲೆ ಬೆಳಕೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿಂತೇ ಇದ್ದವನಿಗೆ ಬೆಳಕು ಮುಂದೆ ಸಾಗುವುದಿಲ್ಲ. ನ್ಯೂಮನ್ ಅವರ ಕವಿತೆಯ ತಿರುಳನ್ನು ಇದಕ್ಕಿಂತ ಚೆನ್ನಾಗಿ ವಿವರಿಸಬಲ್ಲ ಗೈಡ್ ಪುಸ್ತಕ ಇರಲಾರದು.

ಕಣ್ಣು ಕೋರೈಸುವ ಹಗಲು

ಎರಡನೆಯ ಪದ್ಯದಲ್ಲಿ ಕವಿತೆ ಒಂದು ತಿರುವು ಪಡೆಯುತ್ತದೆ. ತಾನು ಯಾವಾಗಲೂ ಹೀಗೆ ಬೇಡುವವನಾಗಿರಲಿಲ್ಲ, ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವ ಹಟ ತನಗಿತ್ತು, ಥಳಥಳಿಸುವ ಹಗಲನ್ನು ಪ್ರೀತಿಸಿದೆ, ಒಳಗೆ ಭಯವಿದ್ದರೂ ಅಹಂಕಾರವೇ ನನ್ನನ್ನು ಆಳಿತು, ಕಳೆದ ವರ್ಷಗಳನ್ನು ನೆನೆಯಬೇಡ ಎಂಬುದು ಅದರ ಸಾರಾಂಶ.

ಇಲ್ಲಿ ಗೈಡ್ ಪುಸ್ತಕದ ಸಮೀಕರಣ ಪೂರ್ತಿಯಾಗಿ ಮುರಿದುಬೀಳುತ್ತದೆ. ಇರುಳು ಎಂದರೆ ಪಾಪವಾದರೆ ಹಗಲು ಪುಣ್ಯವಾಗಬೇಕಿತ್ತು. ಆದರೆ ಈ ಕವಿತೆಯಲ್ಲಿ ಕವಿ ದಾರಿ ತಪ್ಪಿದ್ದು ಹಗಲಿನಲ್ಲಿ! ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ, ಇನ್ನೊಬ್ಬರ ನೆರವು ಬೇಕಿಲ್ಲ ಎಂದುಕೊಂಡ ಹೊತ್ತಿನಲ್ಲಿ. ದೇವರ ಕೈ ಸಿಕ್ಕಿದ್ದು ಇರುಳಿನಲ್ಲಿ. ಹೀಗೆ ಕವಿತೆಯಲ್ಲಿ ಮೂರು ಬಗೆಯ ಬೆಳಕುಗಳಿವೆ: ಕಣ್ಣು ಕೋರೈಸಿ ಕುರುಡಾಗಿಸುವ ಹಗಲು, ಇರುಳಿನಲ್ಲಿ ಹೆಜ್ಜೆ ತೋರುವ ಕಿರುದೀಪ, ಕೊನೆಯಲ್ಲಿ ಬರುವ ಮುಂಜಾವು. ಮೊದಲನೆಯದನ್ನು ಕಳೆದುಕೊಂಡವನಿಗೆ ಎರಡನೆಯದು ದೊರೆಯುತ್ತದೆ. ಎರಡನೆಯದನ್ನು ನಂಬಿದವನಿಗೆ ಮೂರನೆಯದು.

ಈ ನಡುವಿನ ಪದ್ಯ ನಿಜಕ್ಕೂ ಒಂದು ಪಾಪನಿವೇದನೆ. ಹಾಡುವಾಗ ಮೊದಲ ಪದ್ಯವನ್ನು ಮಾತ್ರ ಹಾಡಿ ನಿಲ್ಲಿಸುವ ರೂಢಿ ಕೆಲವೆಡೆ ಇದೆ. ಸಾಂತ್ವನ ಬೇಕು, ನಿವೇದನೆ ಬೇಡ ಎಂಬ ನಮ್ಮ ಸ್ವಭಾವಕ್ಕೆ ಅದು ಒಪ್ಪುತ್ತದೆ. ಆದರೆ ನಡುವಿನ ಪದ್ಯವನ್ನು ಬಿಟ್ಟರೆ ಮೂರನೆಯ ಪದ್ಯದ ಮುಂಜಾವಿಗೆ ಬೆಲೆ ಉಳಿಯುವುದಿಲ್ಲ.

ಕನ್ನಡದ ಬೆಟ್ಟ, ಕನ್ನಡದ ಹೊಳೆ

ಇನ್ನು ಕನ್ನಡದ ಕಡೆಗೆ ಬರೋಣ. ಬಿ.ಎಂ. ಶ್ರೀಕಂಠಯ್ಯನವರು (1884-1946) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದವರು. ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡಕ್ಕಾಗಿ ತಮ್ಮ ಬಾಳನ್ನು ತೇದ ಅವರನ್ನು ನಾಡು 'ಕನ್ನಡದ ಕಣ್ವ' ಎಂದು ಗೌರವಿಸಿತು. 1926ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಅವರ 'ಇಂಗ್ಲಿಷ್ ಗೀತಗಳು' ಹೊಸಗನ್ನಡ ಕವಿತೆಗೆ ಹೊಸ ಲಯಗಳನ್ನು ಕಲಿಸಿತು. ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು ಹಿಡಿದೇ ನಡೆಯಬೇಕೆಂಬ ಹಳೆಯ ಕಟ್ಟನ್ನು ಸಡಿಲಿಸಿ, ಸಾಲಿನ ಕೊನೆಯಲ್ಲಿ ಪ್ರಾಸವನ್ನು ತಂದ ಸಂಕಲನವದು. ನ್ಯೂಮನ್ ಅವರ ಕವಿತೆಯನ್ನು ಅವರು ಐದೈದು ಮಾತ್ರೆಗಳ ಗಣಗಳಲ್ಲಿ ಆರಂಭಿಸಿದರು. ನಡಿಗೆಗೆ ಒಗ್ಗುವ ಆ ಲಯದಿಂದಾಗಿ ಹಾಡುವವನು ತನಗೆ ತಿಳಿಯದೆಯೇ ಹೆಜ್ಜೆ ಹಾಕುತ್ತಾನೆ.

ಈ ಅನುವಾದದಲ್ಲಿ ಆಗಿರುವ ಮಾರ್ಪಾಟುಗಳನ್ನು ಗಮನಿಸಬೇಕು. ಅವು ತಪ್ಪುಗಳಲ್ಲ, ಒಂದು ಭಕ್ತಿಯ ಭಾಷೆಯಿಂದ ಇನ್ನೊಂದು ಭಕ್ತಿಯ ಭಾಷೆಗೆ ಕವಿತೆ ಕಾಲಿಟ್ಟ ಗುರುತುಗಳು.

ಇಂಗ್ಲಿಷಿನಲ್ಲಿ ದಯೆ ಎಂಬುದು ಬೆಳಕಿಗೆ ಅಂಟಿದ ಒಂದು ವಿಶೇಷಣ. ಕನ್ನಡದಲ್ಲಿ ಅದು 'ಕರುಣಾಳು' ಎಂದಾಗಿದೆ. ಕರುಣಾಳು ಎಂದರೆ ಕರುಣೆಯುಳ್ಳವನು, ಒಬ್ಬ ವ್ಯಕ್ತಿ. ಹೀಗಾಗಿ ಕನ್ನಡದ ಬೆಳಕಿಗೆ ಮೊದಲ ಪದದಲ್ಲಿಯೇ ಮುಖವೊಂದು ಮೂಡಿಬಿಡುತ್ತದೆ. ಇಂಗ್ಲಿಷಿನ ಬೆಳಕು ಮುಂದೆ ನಡೆಸುತ್ತದೆ. ಕನ್ನಡದ ಬೆಳಕು ಕೈ ಹಿಡಿಯುತ್ತದೆ. ಕೈಹಿಡಿಯುವ ಈ ಚಿತ್ರ ಮೂಲದಲ್ಲಿ ಇಲ್ಲ, ಆಚಾರ್ಯರು ಸೇರಿಸಿದ್ದು. ಜಾತ್ರೆಯ ಜನಜಂಗುಳಿಯಲ್ಲಿ ತಂದೆಯ ಕೈ ಹಿಡಿದು ನಡೆದವರಿಗೆಲ್ಲ ಆ ಸೇರ್ಪಡೆಯ ಬೆಲೆ ತಿಳಿಯುತ್ತದೆ.

ಇಂಗ್ಲಿಷ್ ಕವಿ ನಡೆಯುವ ದಾರಿಯಲ್ಲಿ ಬಟಾಬಯಲು ಮತ್ತು ಜೌಗು ನೆಲ, ಕಡಿದಾದ ಬಂಡೆ ಮತ್ತು ರಭಸದ ತೊರೆ ಬರುತ್ತವೆ. ಅದು ಅವರ ನಾಡಿನ ಭೂಮಿ. ಕನ್ನಡದಲ್ಲಿ ಅದು ಅಡವಿಯಾಯಿತು, ಬೆಟ್ಟವಾಯಿತು, ಹೊಳೆಯಾಯಿತು; ಇರುಳಿಗೆ ಗವಿಯ ಕತ್ತಲೆ ಬಂದಿತು. ಗುಡ್ಡದ ಮೇಲೊಂದು ಕೋಟೆ, ಕೆಳಗೆ ಊರು, ಆಚೆಗೆ ಸೂಳೆಕೆರೆಯ ನೀರು, ಇನ್ನೂ ಆಚೆಗೆ ಮಲೆನಾಡಿನ ಕಾಡು ಇರುವ ನಮ್ಮ ಸೀಮೆಯವರಿಗೆ ಈ ದಾರಿ ಕಲ್ಪನೆಯ ದಾರಿಯಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾರ್ಪಾಟು ಮೂರನೆಯ ಪದ್ಯದಲ್ಲಿದೆ. ಇದುವರೆಗೆ ಹರಸಿದ ನಿನ್ನ ಶಕ್ತಿ ಮುಂದೆಯೂ ನಡೆಸುವುದು ಖಂಡಿತ ಎಂದು ನ್ಯೂಮನ್ ಅವರು ದೃಢವಾಗಿ ಹೇಳುತ್ತಾರೆ. ಕನ್ನಡದಲ್ಲಿ ಆ ದೃಢೋಕ್ತಿ ಪ್ರಶ್ನೆಯಾಗಿದೆ. ಇಷ್ಟು ಕಾಲ ಈ ಮೂರ್ಖನನ್ನು ಸಲಹಿದವನು ಮುಂದೆ ಬಿಟ್ಟುಬಿಡುವೆಯಾ ಎಂಬಂಥ ಕೇಳಿಕೆ ಅದು. 'ಶಕ್ತಿ' ಇದ್ದ ಕಡೆ 'ಸಲಹುವಿಕೆ' ಬಂದಿದೆ. ತನ್ನನ್ನು ತಾನು ಮೂರ್ಖನೆಂದು ಕರೆದುಕೊಳ್ಳುವ ದೈನ್ಯ ಬಂದಿದೆ. ದೇವರನ್ನು ಹೀಗೆ ಸಲುಗೆಯಿಂದ ಪ್ರಶ್ನಿಸುವುದು, ತನ್ನನ್ನು ತಾನು ಕೀಳಾಗಿ ಕರೆದುಕೊಂಡು ಆತನ ಪಾದ ಹಿಡಿಯುವುದು ನಮ್ಮ ದಾಸರ ಹಾಗೂ ಶರಣರ ಪರಂಪರೆಯಿಂದ ಬಂದ ಕ್ರಮ. ಇರುಳಿನ ಮಾತೂ ಹಾಗೆಯೇ. ಮೂಲದಲ್ಲಿ ಇರುಳು ಕಳೆಯುವವರೆಗೆ ನಡೆಸಬೇಕೆಂಬ ಮಾತಿದ್ದರೆ, ಕನ್ನಡದಲ್ಲಿ ಬೆಳಕೇ ಆ ಇರುಳನ್ನು ನೂಕಬೇಕೆಂಬ ಬೇಡಿಕೆ ಇದೆ. ಆಕ್ಸ್‌ಫರ್ಡಿನ ಪಂಡಿತರು ಕಾಯಬಲ್ಲವರು. ಕನ್ನಡದ ಭಕ್ತನಿಗೆ ಅಷ್ಟು ತಾಳ್ಮೆಯಿಲ್ಲ, ಸಲುಗೆ ಹೆಚ್ಚು.

ಇದನ್ನು ಅನುವಾದಿಸಿದವರು ಕ್ರೈಸ್ತರಲ್ಲ, ಮೂಲವನ್ನು ಬರೆದವರು ಕನ್ನಡ ತಿಳಿದವರಲ್ಲ. ಆದರೂ ಕನ್ನಡದ ಕಥೋಲಿಕರಾದ ನಮಗೆ ಈ ಹಾಡಿಗಿಂತ ಹತ್ತಿರವಾದ ಕವಿತೆ ಕಡಿಮೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ಬಲಿಪೂಜೆ ಕನ್ನಡದಲ್ಲಿ ನಡೆಯತೊಡಗಿತು. ಅದಕ್ಕೂ ನಾಲ್ಕು ದಶಕಗಳ ಮೊದಲೇ ಕ್ರೈಸ್ತ ಪ್ರಾರ್ಥನೆಯೊಂದು ಇಷ್ಟು ಸೊಗಸಾದ ಕನ್ನಡದಲ್ಲಿ ನಾಡಿನ ಬಾಯಲ್ಲಿ ನಲಿದಾಡುತ್ತಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ. ಮನೆಯಲ್ಲಿ ಕೊಂಕಣಿ, ತಮಿಳು, ತೆಲುಗು ಮಾತನಾಡಿದರೂ ದೇವಾಲಯದಲ್ಲಿ ಕನ್ನಡದಲ್ಲಿ ಒಂದಾಗುವ ಶಿವಮೊಗ್ಗ ಧರ್ಮಕ್ಷೇತ್ರದ ನಮ್ಮಂಥವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ದೇವರಲ್ಲಿ ಸಲುಗೆಯಿಂದ ಮಾತನಾಡುವುದಕ್ಕೆ ಬೇಕಾದ ಭಾಷೆ ಪರಭಾಷೆಯಲ್ಲ.

ದೇವರ ಹೆಸರಿಲ್ಲದ ಪ್ರಾರ್ಥನೆ

ಈ ಕವಿತೆಯ ಮೇಲೆ ಹಿಂದಿನಿಂದಲೂ ಒಂದು ಆಕ್ಷೇಪವಿದೆ. ಮೂರು ಪದ್ಯಗಳಲ್ಲಿ ಎಲ್ಲಿಯೂ ದೇವರ ಹೆಸರಿಲ್ಲ, ಕ್ರಿಸ್ತರ ಹೆಸರಿಲ್ಲ. ಇದು ಎಂಥ ಕ್ರೈಸ್ತ ಗೀತೆ? ಇಂಗ್ಲೆಂಡಿನಲ್ಲಿ ಎಡ್ವರ್ಡ್ ಬಿಕರ್ಸ್ಟೆತ್ ಎಂಬವರು ಈ ಕೊರತೆಯನ್ನು ತುಂಬಲೆಂದು ನಾಲ್ಕನೆಯ ಪದ್ಯವೊಂದನ್ನು ತಾವೇ ಬರೆದು ಸೇರಿಸಿಯೂ ಬಿಟ್ಟರು. ನ್ಯೂಮನ್ ಅವರಿಗೆ ಅದು ಹಿಡಿಸಲಿಲ್ಲ. ಹಿಡಿಸದಿರಲು ಕಾರಣವನ್ನು ಊಹಿಸಬಹುದು. ಕತ್ತಲೆಯಲ್ಲಿರುವವನು ವಿಶ್ವಾಸಸಂಗ್ರಹವನ್ನು ಒಪ್ಪಿಸುವುದಿಲ್ಲ, ಕೂಗಿ ಕರೆಯುತ್ತಾನೆ. ನೀರಿನಲ್ಲಿ ಮುಳುಗತೊಡಗಿದ ಪೇತ್ರರ ಪ್ರಾರ್ಥನೆಯೂ ಒಂದೇ ಉಸಿರಿನದು.

ಹೆಸರಿಲ್ಲದ ಕಾರಣದಿಂದಲೇ ಈ ಗೀತೆ ಹೋಗಬಾರದ ಕಡೆಗೆಲ್ಲ ಹೋಗಿ ಸಾಂತ್ವನ ನೀಡಿತು. ಮಹಾತ್ಮಾ ಗಾಂಧಿಯವರಿಗೆ ಇದು ಅತಿ ಪ್ರಿಯವಾಗಿತ್ತು. ಗುಜರಾತಿ ಕವಿ ನರಸಿಂಹರಾವ್ ದಿವೇಟಿಯಾ ಅವರು ಅದನ್ನು 'ಪ್ರೇಮಲ ಜ್ಯೋತಿ' ಎಂದು ಗುಜರಾತಿಗೆ ತಂದರು. 1909ರ ಫೆಬ್ರವರಿ 16ರಂದು ಇಂಗ್ಲೆಂಡಿನ ಡರ್ಹಮ್ ಸೀಮೆಯ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 168 ಮಂದಿ ಸತ್ತರು. ನೆಲದಡಿಯ ಕತ್ತಲೆಯಲ್ಲಿ ಸಿಕ್ಕಿಕೊಂಡಿದ್ದ ಕಾರ್ಮಿಕರ ಗುಂಪೊಂದು ಹಾಡಿದ್ದು ಇದೇ ಗೀತೆಯನ್ನು. ಜಾನ್ ಬ್ಯಾಕಸ್ ಡೈಕ್ಸ್ ಎಂಬವರು 1865ರಲ್ಲಿ ಮಾಡಿದ ರಾಗ ಇಂಗ್ಲಿಷ್ ಲೋಕದಲ್ಲಿ ಅದನ್ನು ಮನೆಮಾತಾಗಿಸಿತ್ತು. ಜನ ಮೆಚ್ಚಿದ್ದು ರಾಗವನ್ನೇ ಹೊರತು ತನ್ನ ಪದಗಳನ್ನಲ್ಲ ಎಂಬ ಅರ್ಥದ ಮಾತನ್ನು ನ್ಯೂಮನ್ ಅವರು ಹೇಳಿದ್ದುಂಟು. ಅದು ಅವರ ವಿನಯ. ಬೇರೆಯೇ ರಾಗದಲ್ಲಿ, ಬೇರೆಯೇ ಭಾಷೆಯಲ್ಲಿ ಅದು ನಮ್ಮನ್ನು ತಾಕಿದೆಯಲ್ಲ!

ಇಟ್ಟ ಹೆಜ್ಜೆಗಳು

ಒಂದು ಹೆಜ್ಜೆ ಸಾಕೆಂದು ಬರೆಯುವುದು ಸುಲಭ. ಆ ಹೆಜ್ಜೆ ಇಡುವುದು ಸುಲಭವಲ್ಲ. ಕವಿತೆಯನ್ನು ಬರೆದಾಗ ನ್ಯೂಮನ್ ಅವರು ಕಥೋಲಿಕರಾಗಿರಲಿಲ್ಲ. ರೋಮಿನ ಸಭೆಯ ಬಗ್ಗೆ ಅವರಿಗೆ ಕಟುವಾದ ಅಭಿಪ್ರಾಯಗಳಿದ್ದವು. ಪಲೆರ್ಮೋದಲ್ಲಿ ಹಡಗಿಗಾಗಿ ಕಾದಿದ್ದಾಗ ಅಲ್ಲಿನ ದೇವಾಲಯಗಳಲ್ಲಿ ಕುಳಿತು ಮನಸ್ಸಿಗೆ ಶಾಂತಿ ಪಡೆದರು, ಆದರೆ ಪೂಜೆಯಲ್ಲಿ ಪಾಲ್ಗೊಳ್ಳಲಿಲ್ಲ. ಅಂದು ಯಾರಾದರೂ ಅವರಿಗೆ ದೂರದ ದೃಶ್ಯವನ್ನು ತೋರಿಸಿದ್ದರೆ ಹೆದರಿ ಹಿಂದೆ ಸರಿಯುತ್ತಿದ್ದರೇನೋ!

ಅವರು ಊರಿಗೆ ಮರಳಿದ್ದು 1833ರ ಜುಲೈ 9ರಂದು. ಮುಂದೆ ಆಕ್ಸ್‌ಫರ್ಡ್ ಚಳವಳಿಯ ಮುಂದಾಳಾದರು, ಧರ್ಮಸಭೆಯ ಆದಿಪಿತೃಗಳನ್ನು ಓದಿದರು, ಬರೆದರು, ಸಂಶಯಪಟ್ಟರು, ಮೌನವಾದರು. ಹನ್ನೆರಡು ವರ್ಷಗಳ ಬಳಿಕ, 1845ರ ಅಕ್ಟೋಬರ್ 9ರಂದು, ಲಿಟಲ್‌ಮೋರ್ ಎಂಬ ಹಳ್ಳಿಯಲ್ಲಿ ಇಟಲಿಯ ಡೊಮಿನಿಕ್ ಬಾರ್ಬೆರಿ ಎಂಬ ಗುರುಗಳು ಅವರನ್ನು ಕಥೋಲಿಕ ಧರ್ಮಸಭೆಗೆ ಸೇರಿಸಿಕೊಂಡರು. ಆ ಹೆಜ್ಜೆಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಜೀವದ ಗೆಳೆಯರು ದೂರವಾದರು. ಒಡಹುಟ್ಟಿದ ಸೋದರಿಯೊಬ್ಬಳು ಸಂಬಂಧ ಕಡಿದುಕೊಂಡು ಹಾಗೆಯೇ ತೀರಿಕೊಂಡಳು. ಪ್ರಾಣದಂತೆ ಪ್ರೀತಿಸಿದ ಆಕ್ಸ್‌ಫರ್ಡನ್ನು 1846ರಲ್ಲಿ ಬಿಟ್ಟವರು ಮತ್ತೆ ಅಲ್ಲಿ ಕಾಲಿಟ್ಟಿದ್ದು 1878ರಲ್ಲಿ. ನಡುವಿನ 32 ವರ್ಷಗಳಲ್ಲಿ ರೈಲಿನ ಕಿಟಕಿಯಿಂದ ಅದರ ಗೋಪುರಗಳನ್ನು ಕಂಡದ್ದಷ್ಟೇ. 1879ರಲ್ಲಿ ಅವರು ಕಾರ್ಡಿನಲ್ ಆದರು. 1890ರ ಆಗಸ್ಟ್ 11ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಿಧನರಾದರು. 2010ರಲ್ಲಿ 16ನೆಯ ಬೆನೆಡಿಕ್ಟ್ ಅವರು ಪುನೀತರೆಂದೂ 2019ರ ಅಕ್ಟೋಬರ್ 13ರಂದು ಜಗದ್ಗುರು ಫ್ರಾನ್ಸಿಸ್ ಅವರು ಸಂತರೆಂದೂ ಅವರನ್ನು ಸಾರಿದರು. ಅಂದೇ, ಅದೇ ಪೀಠದಲ್ಲಿ, ನಮ್ಮ ನೆರೆಯ ಕೇರಳದ ಮರಿಯಂ ತ್ರೇಸಿಯಾ ಅವರನ್ನೂ ಸಂತರೆಂದು ಘೋಷಿಸಲಾಯಿತು.

ಬೊನಿಫಾಚಿಯೋ ಜಲಸಂಧಿಯ ದೋಣಿಯಿಂದ ನೋಡಿದರೆ ಇದಾವುದೂ ಕಾಣುವಂತಿರಲಿಲ್ಲ. ಹೆಜ್ಜೆ ಇಡಿಡುತ್ತ ಹೋದಂತೆ ಕಂಡಿತು.

ಕೊನೆಯ ನಗುಮುಖ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಕವಿತೆಯ ಕೊನೆಯಲ್ಲಿ ಇರುಳು ಕಳೆದು ಬೆಳಗಾದಾಗ, ಹಿಂದೊಮ್ಮೆ ಪ್ರೀತಿಸಿ ನಡುವೆ ಕಳೆದುಕೊಂಡಿದ್ದ ದೇವದೂತರ ಮುಖಗಳು ನಗುತ್ತವೆ ಎಂಬ ಚಿತ್ರವಿದೆ. ಯಾರ ಮುಖಗಳವು? ತೀರಿಹೋದ ಪ್ರಿಯರದೆಂದು ಕೆಲವರು ಹೇಳಿದರು. ನ್ಯೂಮನ್ ಅವರ ಮುದ್ದಿನ ತಂಗಿ ಮೇರಿ 1828ರಲ್ಲಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡಿದ್ದಳೆಂಬುದನ್ನು ಅವರು ನೆನಪಿಸಿದರು. ಬಾಲ್ಯದಲ್ಲಿ ಕಾವಲು ದೂತರಲ್ಲಿದ್ದ ಮುಗ್ಧ ನಂಬಿಕೆಯೆಂದು ಇನ್ನು ಕೆಲವರು ಹೇಳಿದರು. ಒಬ್ಬರು ಕವಿಯನ್ನೇ ಕೇಳಿದರು. 1879ರಲ್ಲಿ ಬರೆದ ಉತ್ತರದಲ್ಲಿ ವೃದ್ಧ ನ್ಯೂಮನ್ ಅವರು ಅರ್ಥ ಹೇಳಲು ಒಪ್ಪಲಿಲ್ಲ. ಕವಿಯಾದವನು ತನ್ನ ಕವಿತೆಗೆ ವಿಮರ್ಶಕನೂ ಆಗಬೇಕೆಂಬ ಕಟ್ಟುಪಾಡಿಲ್ಲ, ಕವಿತೆ ಬರೆದ ಹೊತ್ತಿನ ಮನಃಸ್ಥಿತಿಯನ್ನು ಅಷ್ಟು ವರ್ಷಗಳ ಬಳಿಕ ವಿವರಿಸುವ ಹೊಣೆಯೂ ಅವನಿಗಿಲ್ಲ ಎಂಬುದು ಅವರ ನಿಲುವು.

ಕವಿಯೇ ಕೊಡದ ಬೀಗದ ಕೈಯನ್ನು ಗೈಡ್ ಪುಸ್ತಕ ಕೊಡಲಾರದು. ಬಾಗಿಲು ತೆರೆದೇ ಇರಲಿ ಎಂದು ನ್ಯೂಮನ್ ಅವರು ಬಿಟ್ಟರು. ಓದುವವರೆಲ್ಲರೂ ತಮ್ಮ ತಮ್ಮವರ ಮುಖಗಳನ್ನು ಅಲ್ಲಿ ಕಾಣಲೆಂದು. ಶ್ರೀಕಂಠಯ್ಯನವರ ಕನ್ನಡದಲ್ಲಿ ದೇವದೂತರ ಮಾತು ಮರೆಯಾಗಿ 'ದಿವ್ಯಮುಖ' ಎಂದಷ್ಟೇ ಉಳಿದಿದೆ. ಅದು ದೇವರ ಮುಖವೂ ಆಗಬಹುದು, ಅಜ್ಜಿಯ ಮುಖವೂ ಆಗಬಹುದು. ಮಣ್ಣು ಹಾಕುವ ಹೊತ್ತಿನಲ್ಲಿ ಆ ಮೊಮ್ಮಗಳು ಕಂಡದ್ದು ಯಾವ ಮುಖವನ್ನೆಂದು ನಾನು ಹೇಳಬೇಕಾಗಿಲ್ಲ. ಕಳೆದುಕೊಂಡದ್ದು ಸ್ವಲ್ಪ ಕಾಲಕ್ಕೆ ಮಾತ್ರ ಎಂಬ ಭರವಸೆ ಆ ಚಿತ್ರದಲ್ಲಿದೆ. ಸತ್ತವರ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆಂದು ನಾವು ಪ್ರತಿ ಭಾನುವಾರ ಹೇಳುವ ಮಾತು ಅಲ್ಲಿ ಒಂದು ನಗುವಾಗಿ ಕಾಣಿಸುತ್ತದೆ. ಅವಳು ಅತ್ತದ್ದು ಅದಕ್ಕೆ. ಅವಳ ಅಳು ಕವಿತೆಯನ್ನು ತಪ್ಪಾಗಿ ತಿಳಿದುದರಿಂದ ಬಂದದ್ದಲ್ಲ; ಪಟ್ಟಿ ಬರೆದವರಿಗಿಂತ ಚೆನ್ನಾಗಿ ತಿಳಿದುದರಿಂದ ಬಂದದ್ದು.

ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಬೇಕು? ಬೆಳಕು, ಇರುಳು, ಮನೆ ಎಂಬ ಸಂಕೇತಗಳನ್ನು ಬರೆಯಲಿ, ತಪ್ಪೇನಿಲ್ಲ. ಆದರೆ ಅದರ ಜೊತೆಗೆ ಕದಲದೆ ನಿಂತ ದೋಣಿಯ ಬಗ್ಗೆ, ಹಗಲಿನಲ್ಲಿ ದಾರಿ ತಪ್ಪಿದವನ ಬಗ್ಗೆ, ದಾರಿ ತೋರುತ್ತಲೇ ಮರೆಮಾಡುವ ಮೋಡದ ಬಗ್ಗೆ ಬರೆಯಲಿ. ಅಂಕ ಬಂದೇ ಬರುತ್ತದೆ. ಬಾರದಿದ್ದರೂ ನಷ್ಟವಿಲ್ಲ.

ಅವಳ ತಂದೆತಾಯಿಯರಿಗೂ ನಮ್ಮೆಲ್ಲರಿಗೂ ಒಂದು ಮಾತು. ಮಕ್ಕಳ ಮುಂದಿನ ಮೂವತ್ತು ವರ್ಷಗಳನ್ನು ಇಂದೇ ಕಂಡುಬಿಡಬೇಕೆಂಬ ಆತುರ ನಮ್ಮ ಕಾಲದ್ದು. ಯಾವ ಕೋರ್ಸು, ಯಾವ ಊರು, ಯಾವ ದೇಶ, ಎಷ್ಟು ಸಂಬಳ ಎಂದು ದೂರದ ದೃಶ್ಯವನ್ನು ಕೇಳುತ್ತಲೇ ಇರುತ್ತೇವೆ. ಅದು ಕಾಣದಿದ್ದರೆ ದೇವರು ನಮ್ಮ ಕೈ ಬಿಟ್ಟನೆಂದು ನೊಂದುಕೊಳ್ಳುತ್ತೇವೆ. ದೇವರು ದೂರದ ನೋಟವನ್ನು ಕೊಡುವೆನೆಂದು ಎಲ್ಲಿಯೂ ಮಾತು ಕೊಟ್ಟಿಲ್ಲ. ಜೊತೆಯಲ್ಲಿರುವೆನೆಂದು ಮಾತ್ರ ಕೊಟ್ಟಿದ್ದಾನೆ.

ನ್ಯೂಮನ್ ಅವರ ಸ್ಮಾರಕಶಿಲೆಯ ಮೇಲೆ ಅವರೇ ಆರಿಸಿದ ಲತೀನ್ ವಾಕ್ಯವೊಂದಿದೆ. ನೆರಳುಗಳಿಂದಲೂ ಪ್ರತಿಬಿಂಬಗಳಿಂದಲೂ ಸತ್ಯದೆಡೆಗೆ ಎಂಬುದು ಅದರ ಭಾವ. ಸಂಕೇತಗಳನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಸಂಕೇತ ನಿಂತುಕೊಳ್ಳುವ ಜಾಗವಲ್ಲ, ದಾಟಿಹೋಗುವ ಸೇತುವೆ.

ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಪ್ರತಿ ವರ್ಷದಂತೆ ಮೇಣದ ಬತ್ತಿ ಹಿಡಿದು ನಮ್ಮವರ ಸಮಾಧಿಗಳ ಬಳಿ ನಿಲ್ಲುತ್ತೇವೆ. ಅಂದು ಈ ಗೀತೆಯನ್ನು ಮೂರು ಪದ್ಯಗಳನ್ನೂ ಬಿಡದೆ, ನಡುವಿನ ನಿವೇದನೆಯನ್ನೂ ಸೇರಿಸಿ ಹಾಡೋಣ. ಬತ್ತಿಯ ಬೆಳಕು ಸಮಾಧಿಯ ಅಂಗಳದಾಚೆಗೆ ಹೋಗುವುದಿಲ್ಲ, ನಿಜ. ಮನೆಗೆ ಹಿಂತಿರುಗುವ ಮೊದಲ ಹೆಜ್ಜೆಗೆ ಅದು ಸಾಕು.